ಕಾರು ಕೆಲವೊಮ್ಮೆ ಮಾತ್ರ ಸ್ಟಾರ್ಟ್ ಆಗದಿದ್ದರೆ: ದೋಷವನ್ನು ಗುರುತಿಸುವ ಕ್ರಮ

ಎಂದಿಗೂ ಸ್ಟಾರ್ಟ್ ಆಗದ ಕಾರಿನ ದೋಷವನ್ನು ಪತ್ತೆಹಚ್ಚುವುದು ಅಷ್ಟೇನೂ ಕಷ್ಟವಲ್ಲ. ಕೆಲವೊಮ್ಮೆ ಮಾತ್ರ ತೊಂದರೆ ಕೊಡುವ ಕಾರು ಹಾಗಲ್ಲ. ಗ್ಯಾರೇಜಿಗೆ ಒಯ್ದಾಗ ಅದು ಸರಾಗವಾಗಿ ಚಾಲನೆಗೊಳ್ಳುತ್ತದೆ. ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ಮೊಂಡು ಹಿಡಿಯುತ್ತದೆ. ಇಂತಹ ಸಂದರ್ಭದಲ್ಲಿ ಊಹೆಯ ಮೇಲೆ ಬಿಡಿಭಾಗಗಳನ್ನು ಒಂದರ ನಂತರ ಒಂದರಂತೆ ಬದಲಾಯಿಸುತ್ತ ಹೋದರೆ ಹಣ ವ್ಯಯವಾಗುವುದೇ ವಿನಾ ದೋಷ ಉಳಿದುಬಿಡಬಹುದು. ಆದುದರಿಂದ ತೊಂದರೆ ಯಾವಾಗ, ಯಾವ ಪರಿಸ್ಥಿತಿಯಲ್ಲಿ ತಲೆದೋರುತ್ತದೆ ಎಂಬುದನ್ನು ಮಾಲೀಕರೇ ಗಮನಿಸಿ ಬರೆದಿಡುವುದು ದೋಷ ಪತ್ತೆಯ ಮೊದಲ ಹೆಜ್ಜೆ.

ಹವೆಯ ಪ್ರಭಾವ

ದಖ್ಖನ್ ಪ್ರಸ್ಥಭೂಮಿಯ ಮೇಲಿರುವ ಹೈದರಾಬಾದು ನಗರದ ಹವೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಡಿಸೆಂಬರ್ ಮತ್ತು ಜನವರಿಯ ಮುಂಜಾವಿನಲ್ಲಿ ಅದು 15 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ತೇವವಿರುತ್ತದೆ.

ಚಳಿ ಬ್ಯಾಟರಿಯ ಶತ್ರುವೆಂಬುದು ಸಾಮಾನ್ಯ ನಂಬಿಕೆ. ಆದರೆ ನಮ್ಮಲ್ಲಿ ಅದಕ್ಕೆ ಹೆಚ್ಚು ಹಾನಿ ಮಾಡುವುದು ಬಿಸಿಲು. ತಾಪದಿಂದ ಬ್ಯಾಟರಿಯೊಳಗಿನ ನೀರು ಕಡಿಮೆಯಾಗುತ್ತದೆ. ಸೀಸದ ಫಲಕಗಳು ಬೇಗ ಸವೆಯುತ್ತವೆ. ಹಾನಿಯು ಮೇ ತಿಂಗಳಿನಲ್ಲಿ ಆದರೂ ಅದು ಬೆಳಕಿಗೆ ಬರುವುದು ಡಿಸೆಂಬರಿನ ಬೆಳಗಿನಲ್ಲಿರಬಹುದು. ಆಗ ಎಂಜಿನ್ ಎಣ್ಣೆ ಗಟ್ಟಿಯಾಗಿರುತ್ತದೆ, ಬ್ಯಾಟರಿಯ ರಾಸಾಯನಿಕ ಕ್ರಿಯೆಯೂ ನಿಧಾನವಾಗಿರುತ್ತದೆ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತದೆಯೇ?

ಕೀಲಿಯನ್ನು ತಿರುಗಿಸಿದಾಗ ‘ಟಿಕ್’ ಎಂಬ ಸದ್ದು ಮಾತ್ರ ಕೇಳಿಸಿದರೆ, ಇಲ್ಲವೇ ಎಂಜಿನ್ ಬಲು ನಿಧಾನವಾಗಿ ತಿರುಗಿದರೆ, ದೋಷವು ವಿದ್ಯುತ್ತಿನ ಕಡೆ ಇರುವ ಸಂಭವ ಹೆಚ್ಚು. ಬ್ಯಾಟರಿ, ಅದರ ಟರ್ಮಿನಲ್‌ಗಳು, ಎಂಜಿನ್ನಿಗೆ ಹೋಗುವ ಅರ್ಥ್ ತಂತಿ ಮತ್ತು ‘ಸೆಲ್ಫ್’ ಎಂದು ಕರೆಯಲಾಗುವ ಸ್ಟಾರ್ಟರ್ ಮೋಟಾರು, ಇವುಗಳನ್ನು ಈ ಕ್ರಮದಲ್ಲಿಯೇ ಪರಿಶೀಲಿಸಬೇಕು. ಸಡಿಲವಾದ ಅಥವಾ ಬಿಳಿ, ಹಸಿರು ಪುಡಿ ಹಿಡಿದ ಟರ್ಮಿನಲ್ ಒಂದು ದಿನ ವಿದ್ಯುತ್ತನ್ನು ಹರಿಯಗೊಟ್ಟು ಮರುದಿನ ತಡೆಯಬಹುದು.

ಸೀಸ-ಆಮ್ಲದ ಸಾಮಾನ್ಯ 12 ವೋಲ್ಟ್ ಬ್ಯಾಟರಿಯು ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಬಳಿಕ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ಣ ಚಾರ್ಜ್ ಆಗಿದೆಯೆಂದು ತಿಳಿಯಬಹುದು. 12.2 ವೋಲ್ಟ್ ಎಂದರೆ ಸುಮಾರು ಅರ್ಧ ಚಾರ್ಜ್. ಎಂಜಿನ್ ತಿರುಗುತ್ತಿರುವಾಗ ಇದು 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಪರೀಕ್ಷೆಗೆ ಒಳಪಡಿಸುವುದು ಅಗತ್ಯ. ಎಂಜಿನ್ ಚಾಲನೆಗೊಂಡ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್‌ವರೆಗೆ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರನ್ನು ಶಂಕಿಸಬೇಕಾಗುತ್ತದೆ.

ಎಂಜಿನ್ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ

ಎಂಜಿನ್ ಎಂದಿನ ವೇಗದಲ್ಲಿಯೇ ತಿರುಗುತ್ತಿದ್ದು ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯನ್ನು ಬದಲಿಸುವುದರಿಂದ ಪ್ರಯೋಜನವಿಲ್ಲ. ಇಂಧನ, ಕಿಡಿ ಮತ್ತು ಗಾಳಿ ಈ ಮೂರರಲ್ಲಿ ಯಾವುದರ ಕೊರತೆಯಿದೆ ಎಂದು ನೋಡಬೇಕು.

ರಾತ್ರಿಯಿಡೀ ನಿಂತ ನಂತರ ಮಾತ್ರ ತೊಂದರೆಯಾದರೆ, ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಂದು ಎರಡು ಸೆಕೆಂಡು ತಡೆದು ಆರಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದ ಬಳಿಕ ಕಾರು ಸುಲಭವಾಗಿ ಚಾಲನೆಗೊಂಡರೆ, ಇಂಧನದ ಕೊಳವೆಯಲ್ಲಿ ಒತ್ತಡವು ನಿಲ್ಲದೆ ಇಳಿದುಹೋಗುತ್ತಿದೆ ಎಂದು ಊಹಿಸಬಹುದು. ಡೀಸೆಲ್ ಕಾರಿನಲ್ಲಾದರೆ ಗ್ಲೋ ಪ್ಲಗ್‌ಗಳನ್ನೂ, ಕೊಳವೆಯೊಳಗೆ ಗಾಳಿ ಸೇರುತ್ತಿದೆಯೇ ಎಂಬುದನ್ನೂ ನೋಡಬೇಕು.

ಎಂಜಿನ್ ಬಿಸಿಯಾಗಿದ್ದಾಗ ಮಾತ್ರ ತೊಂದರೆಯಾದರೆ ಕಾರಣ ಬೇರೆ. ಬೇಸಿಗೆಯಲ್ಲಿ ಬೀದರಿನಿಂದ ಹೈದರಾಬಾದಿಗೆ ಬಂದು ಅರ್ಧ ಗಂಟೆ ಬಿಸಿಲಿನಲ್ಲಿ ನಿಂತ ಕಾರು ಸ್ಟಾರ್ಟ್ ಆಗದೆ, ತಣಿದ ಬಳಿಕ ತಾನಾಗಿ ಸರಿಹೋಯಿತೆನ್ನೋಣ. ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಹರಿವು ಕಟ್ಟುವುದು ಇದಕ್ಕೆ ಕಾರಣವಾಗಬಹುದು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಬಿಸಿಯೇರಿದಾಗ ಕೆಲಸ ನಿಲ್ಲಿಸುವುದು, ಇಂಜೆಕ್ಟರ್ ಸೋರುವುದು ಅಥವಾ ಇಗ್ನಿಷನ್ ಕಾಯಿಲ್ ಸೋಲುವುದು ಸಾಧ್ಯ.

ಮಳೆಯ ದಿನಗಳಲ್ಲಿ ಮಾತ್ರ ತೊಂದರೆಯಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿಗಳಲ್ಲಿ, ಕಾಯಿಲ್‌ಗಳಲ್ಲಿ ಬಿರುಕು ಬಿಟ್ಟು ತೇವ ಸೇರಿದೆಯೇ ಎಂದು ನೋಡಬೇಕು. ಫಲಕದಲ್ಲಿ ಕೀಲಿಯ ಅಥವಾ ಬೀಗದ ಗುರುತಿನ ದೀಪ ಮಿನುಗುತ್ತಿದ್ದರೆ, ಕಳ್ಳತನ ತಡೆಯುವ ವ್ಯವಸ್ಥೆಯು ಕೀಲಿಯನ್ನು ಗುರುತಿಸದೆ ಇರಬಹುದು. ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಪ್ರಯತ್ನಿಸಿದರೆ ಸಂಶಯ ನಿವಾರಣೆಯಾದೀತು.

ಭಾರತ್ ಸ್ಟೇಜ್-6 ಮಾನದಂಡವು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈ ಮಾನದಂಡದ ಕಾರುಗಳ ಕಂಪ್ಯೂಟರ್ ಘಟಕವು ತಾನು ಕಂಡ ಅನೇಕ ದೋಷಗಳನ್ನು ಸಂಕೇತ ಸಂಖ್ಯೆಗಳ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಆದುದರಿಂದ ಈ ಸಂಕೇತಗಳನ್ನು ಓದಿಸುವ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸದಿರುವುದು ಲೇಸು. ಆದರೆ ಸಂಕೇತವು ಶಂಕೆಯ ದಿಕ್ಕನ್ನು ತೋರಿಸುತ್ತದೆಯೇ ಹೊರತು ಬದಲಿಸಬೇಕಾದ ಭಾಗವನ್ನು ಖಚಿತವಾಗಿ ಹೇಳುವುದಿಲ್ಲ.

ವಹಿಸಬೇಕಾದ ಎಚ್ಚರಿಕೆಗಳು

1. ಪರೀಕ್ಷೆಗೆ ಮೊದಲು ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಬೇಕು.

2. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಬಿಡುವು ಕೊಡಬೇಕು.

3. ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಸ್ಫೋಟಿಸಬಲ್ಲದು. ಅದರ ಬಳಿ ಬೆಂಕಿಕಡ್ಡಿ, ಬೀಡಿ, ಸಿಗರೇಟು ಸಲ್ಲದು.

4. ಎಂಜಿನ್ನಿನೊಳಕ್ಕೆ ಪೆಟ್ರೋಲು ಸುರಿದು ಸ್ಟಾರ್ಟ್ ಮಾಡಲು ಯತ್ನಿಸಬಾರದು.

5. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲನೆಯಲ್ಲಿಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯಕಾರಿ.

ಬರೆದಿಡುವ ಅಭ್ಯಾಸ

ಕಾರಿನಲ್ಲಿ ಸಣ್ಣದೊಂದು ಪುಸ್ತಕವಿರಲಿ. ತೊಂದರೆಯಾದ ದಿನ, ವೇಳೆ, ಹವೆ, ಎಂಜಿನ್ ಬಿಸಿಯಿತ್ತೇ ತಣ್ಣಗಿತ್ತೇ, ಎಷ್ಟು ಹೊತ್ತು ನಿಂತಿತ್ತು, ಕೀಲಿ ತಿರುಗಿಸಿದಾಗ ಕೇಳಿಸಿದ ಸದ್ದು, ಟ್ಯಾಂಕಿನಲ್ಲಿದ್ದ ಇಂಧನದ ಪ್ರಮಾಣ, ಇಷ್ಟನ್ನು ಬರೆದಿಟ್ಟರೆ ಸಾಕು. ನಾಲ್ಕಾರು ಸಲದ ಟಿಪ್ಪಣಿಗಳನ್ನು ಒಟ್ಟಿಗೆ ಓದಿದಾಗ ಆಕಸ್ಮಿಕವೆಂದು ತೋರಿದ ತೊಂದರೆಗೂ ಒಂದು ನಿಯಮವಿರುವುದು ಕಂಡುಬರುವ ಸಾಧ್ಯತೆಯಿದೆ. ರೋಗಿಯ ಮಾತನ್ನು ಕೇಳದೆ ವೈದ್ಯರು ಔಷಧ ಕೊಡಲಾರರು. ಕಾರಿಗೆ ಮಾತು ಬಾರದು. ಅದರ ಪರವಾಗಿ ಮೆಕ್ಯಾನಿಕ್‌ಗೆ ವಿವರ ಹೇಳಬೇಕಾದವರು ಮಾಲೀಕರೇ.