ಬೀಡಿಗೆ ಕೊನೆ ಇರುತ್ತದೆ

ನಿಪ್ಪಾಣಿ ಸೀಮೆಯಲ್ಲಿ ಹುಟ್ಟಿದವರಿಗೆ ತಂಬಾಕಿನ ರುಚಿ ಗೊತ್ತಾಗುವ ಮೊದಲೇ ಅದರ ಅಂಟು ಗೊತ್ತಿರುತ್ತದೆ. ನಮ್ಮ ಅಪ್ಪ ಹೊಲಕ್ಕೆ ಬೀಡಿ ತಂಬಾಕು ಹಚ್ಚುತ್ತಿದ್ದ, ಅತ್ತೆ ಪಡಸಾಲೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಗಿಡ ಹೂವಿಗೆ ಬಂದಾಗ ತುದಿ ಮುರಿಯಬೇಕು, ಆಮೇಲೆ ಎಲೆಯ ಬುಡದಲ್ಲಿ ಒಡೆಯುವ ಕುಡಿಗಳನ್ನು ಬಿಡದೆ ಚಿವುಟಬೇಕು. ಆಗಲೇ ಎಲೆ ದಪ್ಪವಾಗಿ ಘಾಟು ಏರುವುದು. ಇಬ್ಬನಿ ಆರುವ ಮುಂಚೆ ಆ ಕೆಲಸಕ್ಕಿಳಿದರೆ ಅವ್ವನ ಬೆರಳಿಗೆಲ್ಲ ಕರಿ ಅಂಟು ಹತ್ತುತ್ತಿತ್ತು. ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ ವಾಂತಿಯಾಗುತ್ತಿತ್ತು. ಪಿತ್ತ ಎಂದುಕೊಂಡು ಲಿಂಬೆಹಣ್ಣಿನ ನೀರು ಕುಡಿದು ಮಲಗುತ್ತಿದ್ದಳು. ಹಸಿ ಎಲೆಯ ನಿಕೋಟಿನ್ ಇಬ್ಬನಿಯಲ್ಲಿ ಕರಗಿ ಚರ್ಮದೊಳಗೆ ಇಳಿಯುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಇಂಗ್ಲೆಂಡಿನಲ್ಲಿ, ಕೈಯಲ್ಲಿ ವೇಪ್, ಅಂದರೆ ಇ-ಸಿಗರೇಟ್, ಹಿಡಿದು ಅದಕ್ಕೆ ದ್ರವ ತುಂಬುತ್ತಿದ್ದಾಗ. ಬಾಟಲಿಯ ಮೇಲಿನ ಎಚ್ಚರಿಕೆಯಲ್ಲಿ, ಕೈಗೆ ತಾಗಿದರೆ ಕೂಡಲೇ ತೊಳೆಯಿರಿ ಎಂದಿತ್ತು. ಅವ್ವನಿಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ.

ಕಾಲೇಜಿನಲ್ಲಿ ಶುರುವಾದ ಬೀಡಿ ಕೆಲಸಕ್ಕೆ ಸೇರಿದ ಮೇಲೆ ಸಿಗರೇಟಾಯಿತು, ಕೆಮ್ಮು ಜೊತೆಗೇ ಬಂತು. ಹತ್ತು ಲಕ್ಷ ಧೂಮಪಾನಿಗಳಿಗೆ ಸಿಗರೇಟಿನ ಬದಲು ವೇಪ್ ಕಿಟ್ ಕೊಡುವುದಾಗಿ ಬ್ರಿಟನ್ ಸರ್ಕಾರ 2023ರಲ್ಲಿ ಘೋಷಿಸಿತು. ನನಗೂ ಧೂಮಪಾನ ಬಿಡಿಸುವ ಕೇಂದ್ರದಿಂದ ಒಂದು ಕಿಟ್ ಸಿಕ್ಕಿತು. ಒಂದು ಬ್ಯಾಟರಿ, 2 ಮಿಲಿಲೀಟರ್ ಹಿಡಿಯುವ ಟ್ಯಾಂಕು, ಒಳಗೆ ಹತ್ತಿ ಸುತ್ತಿದ ತಂತಿಯ ಕಾಯಿಲ್, ಇಷ್ಟೇ. ಪ್ರೊಪಿಲಿನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ನಿಕೋಟಿನ್ ಕೂಡಿದ ದ್ರವವನ್ನು ತಂತಿ ಕಾಯಿಸಿ ಆವಿ ಮಾಡುತ್ತದೆ. ಎಲೆ ಉರಿಯುವುದಿಲ್ಲವಾದ್ದರಿಂದ ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೀಡಿಯಲ್ಲಿ ಇವೆರಡೂ ಸಿಗರೇಟಿಗಿಂತ ಜಾಸ್ತಿ. ಬೀಡಿ ಸುತ್ತುವ ತೆಂಡು ಎಲೆ ಗಾಳಿಯಾಡಲು ಬಿಡುವುದಿಲ್ಲ, ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ ದಮ್ಮು ಎಳೆಯಲೇಬೇಕು.

ಸಾಧನ ಪಳಗಿಸಿಕೊಳ್ಳುವುದು ಕಷ್ಟವೇನಲ್ಲ. ಹೊಸ ಕಾಯಿಲ್ ಹಾಕಿದಾಗ ಹತ್ತಿಗೆ ನಾಲ್ಕು ಹನಿ ಬಿಟ್ಟು, ಟ್ಯಾಂಕು ತುಂಬಿ, ಹತ್ತಿ ನೆನೆಯುವ ತನಕ ಕಾಯಬೇಕು. ಅವಸರ ಮಾಡಿದರೆ ಹತ್ತಿಯೇ ಸುಟ್ಟು ಗಂಟಲು ಕಿತ್ತುಬರುತ್ತದೆ. ಬೀಡಿಯಂತೆ ಜಗ್ಗಿ ಎಳೆದರೆ ದ್ರವ ಬಾಯಿಗೆ ಬರುತ್ತದೆ, ನಿಧಾನ ಎಳೆಯಬೇಕು.

ನಿಜವಾದ ತೊಡಕು ಬೇರೆ. ಬೀಡಿಗೆ ಒಂದು ಕೊನೆ ಇರುತ್ತದೆ. ಬೆರಳಿಗೆ ಬಿಸಿ ತಾಗುತ್ತದೆ, ಎಸೆಯುತ್ತೀರಿ, ಎದ್ದು ಕೆಲಸಕ್ಕೆ ಹೋಗುತ್ತೀರಿ. ಇನ್ನೊಂದು ಬೇಕೆಂದರೆ ಕಟ್ಟು ಬಿಚ್ಚಬೇಕು, ಕಡ್ಡಿ ಗೀರಬೇಕು, ಮನೆಯ ಹೊರಗೆ ಬರಬೇಕು. ವೇಪಿಗೆ ಇದ್ಯಾವುದೂ ಇಲ್ಲ. ಅಡಿಗೆಮನೆಯಲ್ಲಿ ಒಂದು ದಮ್ಮು, ಕಂಪ್ಯೂಟರ್ ಮುಂದೆ ಒಂದು, ರಾತ್ರಿ ಎಚ್ಚರವಾದರೆ ದಿಂಬಿನ ಪಕ್ಕದಲ್ಲೇ ಅದು. ಕೆಮ್ಮು ಹೋಯಿತು, ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು, ಚಟ ಮಾತ್ರ ದಿನವಿಡೀ ಹರಡಿಕೊಂಡಿತು. ಬೀಡಿಗಿದ್ದ ಗಡಿಯನ್ನು ಇದಕ್ಕೆ ನಾನೇ ಹಾಕಬೇಕಾಯಿತು. ಅದರ ಜಾಗ ಬಾಗಿಲ ಬಳಿ ತೂಗುವ ಕೋಟಿನ ಜೇಬಿಗೆ ಬದಲಾಯಿತು, ಸೇದುವುದು ಅಂಗಳದಲ್ಲಿ ನಿಂತೇ. ಬ್ರಿಟನ್ನಿನ ಕಾನೂನು ಒಪ್ಪುವ ಗರಿಷ್ಠ ಪ್ರಮಾಣ ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್. ಅಲ್ಲಿಂದ ಇಳಿಯುವಾಗ ಒಂದು ಮಾತು ನೆನಪಿಡಬೇಕು: ಅವಸರದಲ್ಲಿ ಪ್ರಮಾಣ ಇಳಿಸಿದರೆ ದೇಹ ಹೆಚ್ಚು ದಮ್ಮು ಎಳೆಸಿ ಅಷ್ಟನ್ನೂ ವಸೂಲು ಮಾಡಿಕೊಳ್ಳುತ್ತದೆ. ಒಂದು ಮಟ್ಟದಲ್ಲಿ ದಮ್ಮು ಹೆಚ್ಚದೆ ನಿಂತ ಮೇಲೆಯೇ ಮುಂದಿನದಕ್ಕೆ ಇಳಿಯಬೇಕು.

ಊರಿಗೆ ಹೊರಟಾಗ ವೇಪನ್ನು ಅಲ್ಲೇ ಬಿಟ್ಟು ಬಂದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ದೇಶದೊಳಗೆ ತರುವುದು, ಮಾರುವುದು, ದಾಸ್ತಾನು ಇಡುವುದು ಎಲ್ಲವೂ ಅಪರಾಧ. ತಂದರೆ, ಮಾರಿದರೆ ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿಪ್ಪಾಣಿಯಲ್ಲಿ ಮೆಡಿಕಲ್ ಅಂಗಡಿಯಿಂದ 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದೆ. ಅದನ್ನು ಚೂಯಿಂಗ್ ಗಮ್‌ನಂತೆ ಜಗಿದರೆ ಬಿಕ್ಕಳಿಕೆ, ಎದೆಯುರಿ. ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ದವಡೆಯ ಸಂದಿಯಲ್ಲಿ ಒತ್ತಿಟ್ಟುಕೊಳ್ಳಬೇಕು, ಚುರುಕು ಇಳಿದಾಗ ಮತ್ತೆ ಜಗಿಯಬೇಕು.

ಎಲೆ ಕೊಯ್ದು ಹೊಲದಲ್ಲೇ ಒಣಹಾಕಿದ್ದ ಕಾಲ ಅದು, ಗಾಳಿಯಲ್ಲೆಲ್ಲ ಘಾಟು. ಅತ್ತೆಗೆ ವೇಪಿನ ಫೋಟೋ ತೋರಿಸಿದೆ. "ಹೊಗಿ ಬಿಡಬೇಕಂದ್ರ ಬಿಡಬೇಕಪಾ, ಅದಕ್ಯಾಕ ಮತ್ತೊಂದು ಮಿಷನ್ನು?" ಎಂದಳು. ಚಿಕ್ಕೋಡಿಯಲ್ಲಿ ಓದುವ ಅಣ್ಣನ ಮಗನ ಪ್ರಶ್ನೆ ಬೇರೆ ಇತ್ತು: "ಕಾಕಾ, ಮಾವಿನಹಣ್ಣಿನ ರುಚಿದೂ ಬರ್ತಾವಂತಲ್ಲ?" ಎಂದೂ ಬೀಡಿ ಮುಟ್ಟದ ಹುಡುಗ. ಅವನ ಬಾಯಿಂದ ಆ ಮಾತು ಕೇಳಿ ಎದೆ ಝಲ್ಲೆಂದಿತು. ಸೇದಿ ಸೇದಿ ಸೋತವನಿಗೆ ಏಣಿಯಾದದ್ದು ಅವನಿಗೆ ಬಾವಿ. ಅದಕ್ಕಾಗಿಯೇ ಈ ನಿಷೇಧ ಇರಲಿ ಎನ್ನುವವನು ನಾನು.

ಆದರೆ ನಿಷೇಧದ ಈ ಊರಲ್ಲಿ ಬೀಡಿ ಪ್ರತಿ ತಿರುವಿನಲ್ಲೂ ಸಿಗುತ್ತದೆ. ತಂಬಾಕು ಬೆಳೆದವರನ್ನು ಬೈದು ಫಲವಿಲ್ಲ. ತಂಬಾಕಿಗೆ ನ್ಯಾಯದ ಬೆಲೆ ಕೇಳಿ 1981ರಲ್ಲಿ ಇದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ರಾಯಬಾಗ, ಅಥಣಿ, ಕಾಗವಾಡದ ಕಡೆ ಕೃಷ್ಣೆಯ ನೀರಿಗೆ ಕಬ್ಬು ಬಂತು. ನೀರು ಹತ್ತದ ಕರಿನೆಲಕ್ಕೆ ತಂಬಾಕೇ ಆಸರೆಯಾಗಿತ್ತು. ಬಿಡಬೇಕೆನ್ನುವವನಿಗೆ ಆಸರೆ ಎಲ್ಲಿದೆ ಎಂಬುದೇ ನನ್ನ ಪ್ರಶ್ನೆ. 1800-11-2356ಕ್ಕೆ ಪುಕ್ಕಟೆ ಕರೆ ಮಾಡಿದರೆ ತಂಬಾಕು ಬಿಡಲು ಸಲಹೆ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಬೀಡಿ ಕಟ್ಟಿನ ಮೇಲೆ ಆ ಸಂಖ್ಯೆ ಇದ್ದರೂ ನಮ್ಮ ಓಣಿಯಲ್ಲಿ ಅದನ್ನು ಓದಿದವರು ನನಗೆ ಸಿಗಲಿಲ್ಲ. ಬೀಡಿ ಸೇದುವ ಅಣ್ಣನಿಗೆ ಅವನ ಫೋನಿನಿಂದಲೇ ಕರೆ ಹಚ್ಚಿ ಕೊಟ್ಟೆ. ಮೊದಲು ನಾಚಿಕೊಂಡ, ಆಮೇಲೆ ಬಹಳ ಹೊತ್ತು ಮಾತಾಡಿದ. ಬೆಳಿಗ್ಗೆ ಎದ್ದ ಕೂಡಲೇ ಸೇದುತ್ತಿದ್ದ ಬೀಡಿಯನ್ನು ಈಗ ನಾಷ್ಟಾದ ನಂತರಕ್ಕೆ ತಳ್ಳಿದ್ದಾನೆ.