ಸಮಪಾಲು ಎಂದರೆ ಯಾವ ಪಾಲು?

ಸಂಶೋಧನೆಗೆ ಸೇರಿದ ಮೊದಲ ವರ್ಷ ನನಗೆ ಸಿಕ್ಕ ಕೆಲಸ ಕೇಳಲು ಸುಲಭವಾಗಿತ್ತು. ನೀರು ಮತ್ತು ಎಥನಾಲ್ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಬೇಕು, ಒಂದೊಂದು ಮಿಶ್ರಣದ ಡೈಎಲೆಕ್ಟ್ರಿಕ್ ಸ್ಥಿರಾಂಕ ಅಳೆಯಬೇಕು. ವಿದ್ಯುತ್ ಕ್ಷೇತ್ರ ಒಡ್ಡಿದಾಗ ದ್ರವದ ಅಣುಗಳು ಎಷ್ಟರ ಮಟ್ಟಿಗೆ ಅದರತ್ತ ತಿರುಗುತ್ತವೆ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಸುಮಾರು 78, ಎಥನಾಲ್‌ಗೆ 24.

ಮೊದಲ ವಾರ ಒಂದು ಅಂಕಿಯೂ ನಿಲ್ಲಲಿಲ್ಲ. ಬೆಳಿಗ್ಗೆ ಬಂದದ್ದು ಮಧ್ಯಾಹ್ನ ಬರುತ್ತಿರಲಿಲ್ಲ. ಒಂದು ದಿನ ಆಗಷ್ಟೇ ಬೆರೆಸಿದ ಬೀಕರನ್ನು ಎತ್ತಿದರೆ ಅಂಗೈಗೆ ಬೆಚ್ಚಗೆ ತಾಗಿತು. ಈ ಎರಡು ದ್ರವ ಸೇರಿದಾಗ ಶಾಖ ಹೊರಬರುತ್ತದೆ. ಬಿಸಿ ಏರಿದಂತೆ ಸ್ಥಿರಾಂಕ ಇಳಿಯುತ್ತದೆ. ಬೀಕರನ್ನು ಬೆಳಕಿಗೂ ಹಿಡಿದು ನೋಡಿದೆ. ಅಳೆಯಲು ದ್ರವಕ್ಕೆ ಇಳಿಸುವ ಪ್ರೋಬಿನ ತುದಿಗೆ ಸಾಸಿವೆಗಿಂತ ಚಿಕ್ಕದೊಂದು ಗುಳ್ಳೆ ಅಂಟಿಕೊಂಡಿತ್ತು. ಬೆರೆಸಿದಾಗ ದ್ರವದೊಳಗಿನ ಗಾಳಿ ಹೀಗೆ ಬಿಟ್ಟುಕೊಳ್ಳುತ್ತದೆ. ಗಾಳಿಯ ಸ್ಥಿರಾಂಕ ಬರೀ 1. ತುದಿಯಲ್ಲಿ ಅದು ಕೂತರೆ ಅಳತೆ ಕೆಟ್ಟಂತೆಯೇ. ಅಂದಿನಿಂದ ಮಿಶ್ರಣವನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ಬಿಸಿ ಒಂದೇ ಮಟ್ಟದಲ್ಲಿರುವ ವಾಟರ್ ಬಾತಿನಲ್ಲಿಟ್ಟು ಕಾಯುತ್ತೇನೆ, ಪ್ರೋಬನ್ನು ಓರೆಯಾಗಿ ಇಳಿಸುತ್ತೇನೆ. ಅಳೆಯುವುದನ್ನು ಶುರು ಮಾಡುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಶುದ್ಧ ನೀರನ್ನು ಅಳೆಯುತ್ತೇನೆ. 78 ಬರದಿದ್ದರೆ ಆ ದಿನದ ಅಂಕಿಗಳನ್ನು ನಂಬುವುದಿಲ್ಲ.

ಬೆರೆಸುವುದರಲ್ಲೂ ಒಂದು ತೊಡಕಿತ್ತು. 50 ಮಿಲಿ ನೀರಿಗೆ 50 ಮಿಲಿ ಎಥನಾಲ್ ಸೇರಿಸಿದರೆ 100 ಆಗುವುದಿಲ್ಲ, ಸುಮಾರು 96 ಆಗುತ್ತದೆ. ಆದ್ದರಿಂದ ತೂಗಿಯೇ ಬೆರೆಸುವುದನ್ನು ಕಲಿತೆ.

ಅಂಕಿಗಳು ನಿಂತ ಮೇಲೆ ಗ್ರಾಫ್ ಬರೆದೆ. ಸಮತೂಕದ ಮಿಶ್ರಣಕ್ಕೆ 49 ಬಂದಿತ್ತು. ಅದರಲ್ಲಿ 100 ಅಣುಗಳಿಗೆ ಎಥನಾಲಿನವು 28. ಆ ಲೆಕ್ಕದಲ್ಲಿ 78 ಮತ್ತು 24ರ ಸರಾಸರಿ ತೆಗೆದರೆ 63. ಹದಿನಾಲ್ಕರ ಅಂತರ! ಅಣುಗಳ ನಡುವೆ ಏನೋ ದೊಡ್ಡದು ನಡೆದಿದೆ ಎಂದು ಓಡಿಹೋಗಿ ಗೈಡ್ ಮೇಡಂಗೆ ತೋರಿಸಿದೆ.

ಅವರು ಕೇಳಿದ್ದು ಒಂದೇ ಮಾತು: “ಅಡ್ಡಗೆರೆ ಮೇಲೆ ಏನು ಹಾಕಿದೀಯಮ್ಮ?”

ಹಾಕಿದ್ದು ಅಣುಗಳ ಎಣಿಕೆ. ಎಥನಾಲಿನ ಅಣು ನೀರಿನ ಅಣುವಿಗಿಂತ ಎಷ್ಟೋ ದೊಡ್ಡದು. ತಲೆಯೆಣಿಕೆಯಲ್ಲಿ 28 ಇದ್ದರೂ ಜಾಗ ಹಿಡಿಯುವುದು ನೂರಕ್ಕೆ 56 ಪಾಲು. ಗಾತ್ರದ ಲೆಕ್ಕದಲ್ಲಿ ಸರಾಸರಿ ತೆಗೆದರೆ 48. ನಾನು ಅಳೆದದ್ದು 49. ಹದಿನಾಲ್ಕರ ಅಂತರ ಒಂದಕ್ಕೆ ಇಳಿದಿತ್ತು.

ಅಂದು ಬೇಸರವಾಗಿದ್ದು ನಿಜ. ಆದರೆ ಮೊದಲ ವಾರದ ಪಾಡು ಯಾಕೆ ಬೇಕಿತ್ತೆಂದು ಅರ್ಥವಾದದ್ದೂ ಅಂದೇ. ಅಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಬಗೆಯನ್ನು ಹುಡುಕಬೇಕಾದದ್ದು ಆ ಒಂದರ ಅಂತರದಲ್ಲಿ. ಮಿಶ್ರಣ ಮೂರ್ನಾಲ್ಕು ಡಿಗ್ರಿ ಬೆಚ್ಚಗಿದ್ದರೂ ಅದು ಅಳಿಸಿಹೋಗುತ್ತದೆ. ಈಗ ಹೊಸದಾಗಿ ಬರುವ ವಿದ್ಯಾರ್ಥಿಗಳ ಕೈಗೆ ಪ್ರೋಬ್ ಕೊಡುವ ಮುಂಚೆ ಆಗಷ್ಟೇ ಬೆರೆಸಿದ ಬಾಟಲಿ ಕೊಡುತ್ತೇನೆ, “ಮುಟ್ಟಿ ನೋಡು” ಎನ್ನುತ್ತೇನೆ.