ಕಟ್ಟದೆ ಉಳಿದ ತೆರಿಗೆ ಯಾರ ದುಡ್ಡು?

ಸಿಂಗಪುರದಲ್ಲಿ ಕೆಲಸ ಸಿಕ್ಕಿದೆ ಎಂದರೆ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅಲ್ಲಿ ಟ್ಯಾಕ್ಸೇ ಇಲ್ಲವಂತೆ! ಟ್ಯಾಕ್ಸ್ ಇದೆ, ಆದರೆ ಹಗುರ. ಮೊದಲ 20,000 ಸಿಂಗಪುರ ಡಾಲರ್‌ಗೆ ತೆರಿಗೆಯಿಲ್ಲ. ವಿನಾಯಿತಿಗಳೆಲ್ಲ ಕಳೆದು 80,000 ಡಾಲರ್ ವಾರ್ಷಿಕ ಆದಾಯ ಉಳಿದವರು ಕಟ್ಟುವುದು ಬರೀ 3,350 ಡಾಲರ್. ಎಷ್ಟೇ ದುಡಿದರೂ ಮೇಲಿನ ದರ 24% ದಾಟುವುದಿಲ್ಲ. ಹಲವು ವರ್ಷ ಇಲ್ಲಿ ಸಂಸಾರ ಮಾಡಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಹೀಗೆ ಉಳಿದ ತೆರಿಗೆ ಖರ್ಚಿಗೆ ಸಿಕ್ಕ ದುಡ್ಡಲ್ಲ, ನಮ್ಮ ಮುಪ್ಪಿನ ದುಡ್ಡು.

ಸರ್ಕಾರ ಸಂಬಳದಲ್ಲಿ ಬಿಟ್ಟದ್ದನ್ನು ಬೇರೆ ಕಡೆ ವಸೂಲು ಮಾಡುತ್ತದೆ. 2022ರವರೆಗೆ 7% ಇದ್ದ ಜಿಎಸ್‌ಟಿ 2024ರಿಂದ 9% ಆಗಿದೆ. ಕಾರು ಬೇಕೆಂದರೆ ಅದನ್ನು 10 ವರ್ಷ ಇಟ್ಟುಕೊಳ್ಳುವ ಹಕ್ಕುಪತ್ರವನ್ನು, ಅಂದರೆ ಸಿಒಇಯನ್ನು, ಹರಾಜಿನಲ್ಲಿ ಕೊಳ್ಳಬೇಕು. ಸಣ್ಣ ಕಾರಿನದಕ್ಕೇ 1 ಲಕ್ಷ ಡಾಲರ್ ದಾಟಿದ್ದುಂಟು. ಕಾರಿನ ಬೆಲೆ ಬೇರೆ. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟೇ ಇರುವ ದ್ವೀಪದಲ್ಲಿ ರಸ್ತೆಗೆ ಜಾಗವೇ ಕಡಿಮೆ, ಹಾಗಾಗಿ ಈ ನಿಯಮ ನನಗೆ ಸರಿಯೆನಿಸುತ್ತದೆ. ಎಂಆರ್‌ಟಿ ರೈಲು, ಬಸ್ಸು ಚೆನ್ನಾಗಿವೆ. ನಮ್ಮ ಮನೆಗೆ ಕಾರಿನ ಅಗತ್ಯವೇ ಬಿದ್ದಿಲ್ಲ.

ನಿಜವಾದ ವ್ಯತ್ಯಾಸ ಕಾಣುವುದು ಪೇಸ್ಲಿಪ್ಪಿನಲ್ಲಿ. 55 ವರ್ಷದೊಳಗಿನ ಇಲ್ಲಿನ ಪ್ರಜೆಯ ಸಂಬಳದಿಂದ, ನಿಗದಿತ ಮಿತಿಯವರೆಗೆ, 20% ಇಲ್ಲಿನ ಭವಿಷ್ಯನಿಧಿಯಾದ ಸಿಪಿಎಫ್‌ಗೆ ಹೋಗುತ್ತದೆ. ಕಂಪನಿ ಇನ್ನೂ 17% ಸೇರಿಸುತ್ತದೆ. ಮನೆ, ಆಸ್ಪತ್ರೆ, ನಿವೃತ್ತಿ ಎಲ್ಲಕ್ಕೂ ಅದೇ ಆಧಾರ. ಎಂಪ್ಲಾಯ್‌ಮೆಂಟ್ ಪಾಸ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದ ನಮಗೆ ಆ ಸಾಲೇ ಇಲ್ಲ. ಟಿಡಿಎಸ್ ಕೂಡ ಇಲ್ಲದ್ದರಿಂದ ಸಂಬಳ ಇಡಿಯಾಗಿ ಕೈಗೆ ಬರುತ್ತದೆ, ತೆರಿಗೆಯ ನೋಟಿಸು ಮರುವರ್ಷ ಬರುತ್ತದೆ. ಅದನ್ನು ಬಡ್ಡಿಯಿಲ್ಲದ 12 ಕಂತುಗಳಲ್ಲಿ ಕಟ್ಟಬಹುದು. ಕೆಲಸ ಬಿಟ್ಟು ದೇಶ ಬಿಡುವಾಗ ಮಾತ್ರ ಲೆಕ್ಕ ಚುಕ್ತಾ ಆಗುವವರೆಗೆ ಕಂಪನಿ ಕೊನೆಯ ಸಂಬಳವನ್ನು ತಡೆಹಿಡಿಯಲೇಬೇಕು. ಮನೆ ಬಾಡಿಗೆ, ಮಕ್ಕಳ ಫೀಸು, ವಿಮಾನದ ಟಿಕೆಟ್ ಎಲ್ಲವೂ ಎದುರಿಗೆ ನಿಲ್ಲುವುದು ಆ ತಿಂಗಳಲ್ಲೇ.

ಅದಕ್ಕೇ ನಮ್ಮ ಮನೆಯಲ್ಲಿ ಸಂಬಳ ಬಂದ ದಿನವೇ ಮೂರು ಪಾಲು ಬೇರೆ ತೆಗೆದಿಡುತ್ತೇವೆ: ಮುಂದಿನ ತೆರಿಗೆಗೆ, ಆರು ತಿಂಗಳ ಖರ್ಚಿಗೆ, ನಿವೃತ್ತಿಗೆ. ನಿವೃತ್ತಿಯ ಪಾಲನ್ನು ಸ್ವಯಂಪ್ರೇರಿತ ನಿವೃತ್ತಿ ಉಳಿತಾಯದ ಎಸ್‌ಆರ್‌ಎಸ್ ಖಾತೆಗೆ ಹಾಕಿದರೆ ವಿದೇಶಿಯರಿಗೆ ವರ್ಷಕ್ಕೆ 35,700 ಡಾಲರ್‌ವರೆಗೆ ತೆರಿಗೆಗೆ ಒಳಪಡುವ ಆದಾಯದಲ್ಲಿ ಕಡಿತವೂ ಸಿಗುತ್ತದೆ. ಆದರೆ ಇಲ್ಲಿನ ನಿವೃತ್ತಿ ವಯಸ್ಸಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ ದಂಡ ಬೀಳುತ್ತದೆ. ನಿಯಮ ಓದಿಕೊಂಡೇ ಹಾಕಬೇಕು.

ಇಲ್ಲಿಗೆ ಬರಲು ಹೊರಟವರು ಬೆಂಗಳೂರಿನ ಸಂಬಳದ ಪಕ್ಕ ಇಲ್ಲಿನ ಸಂಬಳ ಬರೆಯುವ ಮೊದಲು ಪಿಎಫ್, ಗ್ರಾಚ್ಯುಟಿ, ಶಾಲೆ, ವಿಮೆ, ಬಾಡಿಗೆಗಳನ್ನೂ ಸಾಲಾಗಿ ಬರೆಯಿರಿ. ಅವೆಲ್ಲ ಕಳೆದ ಮೇಲೂ ಕೈಯಲ್ಲಿ ಒಳ್ಳೆಯ ಮೊತ್ತ ಉಳಿದರೆ ಧೈರ್ಯವಾಗಿ ಬನ್ನಿ. ಶಿಸ್ತಿನಿಂದ ಬಾಳುವವರಿಗೆ ಈ ದೇಶ ಕೈಬಿಚ್ಚಿ ಕೊಡುತ್ತದೆ.